ಒಂದಕ್ಷರ ಜಾಸ್ತಿಯಾದರೆ ಕರುಳಿಗೇನಾಗುತ್ತದೆ?

ಮನೆಯಲ್ಲಿ ಯಾರಿಗಾದರೂ ಕರುಳಿನಲ್ಲಿ ದೀರ್ಘಕಾಲ ಉರಿಯೂತ ತರುವ ಕ್ರೋನ್ಸ್ ಕಾಯಿಲೆ ಇದೆ ಅಂತ ಗೊತ್ತಾದಾಗ ಬೇಗನೇ ಏಳುವ ಪ್ರಶ್ನೆ: ಇದು ಮಕ್ಕಳಿಗೂ ಬರುತ್ತಾ? ತಿಂಗಳುಗಟ್ಟಲೆ ಹೊಟ್ಟೆನೋವು, ಭೇದಿ, ಸೊರಗಿದ ಮೈ ಕಣ್ಣಾರೆ ನೋಡಿದವರಿಗೆ ಆ ಭಯ ಸಹಜ ಅಲ್ವಾ.

ಜೀನ್‌ಗಳ ಪಾತ್ರ ಇರುವುದು ನಿಜ. 2001ರಲ್ಲಿ ಎರಡು ತಂಡಗಳು ಬೇರೆ ಬೇರೆ ದಾರಿಯಲ್ಲಿ ಹುಡುಕುತ್ತಾ ಒಂದೇ ಜೀನ್‌ಗೆ ಬಂದು ನಿಂತವು. ಅದರ ಹೆಸರು ನಾಡ್2. ಈ ಜೀನ್‌ನಿಂದ ಆಗುವ ಪ್ರೋಟೀನ್ ಜೀವಕೋಶದ ಒಳಗಿದ್ದು, ಬ್ಯಾಕ್ಟೀರಿಯಾದ ಗೋಡೆಯ ಒಂದು ಸಣ್ಣ ಚೂರನ್ನು ಗುರುತು ಹಿಡಿಯುತ್ತದೆ. ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ಕೆಲವು ರೋಗಿಗಳ ಡಿಎನ್‌ಎಯಲ್ಲಿ ಇದೇ ಜೀನ್‌ನ ಕೊನೆಯ ಕಡೆ ‘ಸಿ’ ಅಕ್ಷರ ಒಂದು ಜಾಸ್ತಿ ಸೇರಿಕೊಂಡಿರುತ್ತದೆ. ಅಷ್ಟೇ. ಅಲ್ಲಿಂದ ಮುಂದೆ ಓದೆಲ್ಲ ತಪ್ಪಿಹೋಗಿ, ಆ ಪ್ರೋಟೀನ್ ಆಗಿರುವ 1,040 ಅಮೈನೋ ಆಮ್ಲಗಳ ಸರದಲ್ಲಿ ಕೊನೆಯ 33 ಇಲ್ಲವಾಗುತ್ತವೆ. ಬ್ಯಾಕ್ಟೀರಿಯಾದ ಸುಳಿವು ಹಿಡಿಯುವ ಭಾಗವೇ ಮೊಂಡಾಗುತ್ತದೆ.

ಉರಿಯೂತ ಅಂದರೆ ರೋಗನಿರೋಧಕ ಶಕ್ತಿ ಅತಿಯಾಯಿತು ಅಂದುಕೊಳ್ಳುತ್ತೇವೆ. ಇಲ್ಲಿ ಶುರುವಾಗುವುದೇ ಅದರ ಕೊರತೆಯಿಂದ. ಬ್ಯಾಕ್ಟೀರಿಯಾ ಬಂದ ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ, ಅವು ಕರುಳಿನ ಗೋಡೆ ದಾಟಿ ಒಳಗೆ ಸೇರಿದ ಮೇಲೆ ಉಳಿದ ರಕ್ಷಣಾ ಕೋಶಗಳು ಒಟ್ಟಿಗೇ ಮುಗಿಬಿದ್ದು ಕರುಳನ್ನೇ ಹುಣ್ಣು ಮಾಡುತ್ತವೆ ಅನ್ನುವುದು ಹಲವು ಸಂಶೋಧಕರು ಕೊಡುವ ವಿವರಣೆ. ಈ ಜೀನ್‌ನ ಬಗ್ಗೆ ಓದಿದಾಗೆಲ್ಲ ನಾನು ನಿಂತುಬಿಡುವುದು ಇಲ್ಲೇ.

ಹಾಗಂತ ಈ ಬದಲಾವಣೆ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಅಪಾಯ ಹಲವು ಪಟ್ಟು ಏರುತ್ತದೆ, ಆದರೂ ಅಂಥವರಲ್ಲಿ ಬಹುಪಾಲು ಜನ ಆರಾಮಾಗಿಯೇ ಇರುತ್ತಾರೆ. ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಅಪ್ಪನಿಗೋ ಅಮ್ಮನಿಗೋ ಕಾಯಿಲೆ ಇದ್ದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ.

ನಮ್ಮವರು ಗಮನಿಸಬೇಕಾದ ಮಾತು ಇನ್ನೊಂದಿದೆ. ನಾಡ್2ನ ಈ ಹೆಸರಾಂತ ಬದಲಾವಣೆಗಳು ಸಿಕ್ಕಿದ್ದು ಯುರೋಪ್ ಮೂಲದವರಲ್ಲಿ. ಭಾರತೀಯರಲ್ಲಿ ಅವು ತೀರಾ ಅಪರೂಪ. ಹಾಗಾಗಿ ಅದನ್ನೊಂದೇ ಹುಡುಕುವ ಟೆಸ್ಟ್‌ಗೆ ಸುಮ್ನೆ ದುಡ್ಡು ಸುರಿದು, ‘ಇಲ್ಲ’ ಅಂತ ಬಂದರೆ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ನಮಗೆ ಜಾಸ್ತಿ ಕೆಲಸಕ್ಕೆ ಬರುವುದು ಬೇರೆ ಜೀನ್, ನಡ್ಟ್15. ಕಾಯಿಲೆ ತರುವ ಜೀನ್ ಅಲ್ಲ ಇದು, ಔಷಧಿಗೆ ಸಂಬಂಧಿಸಿದ್ದು. ಇದರ ಒಂದು ಬದಲಾವಣೆ ಏಷ್ಯಾದವರಲ್ಲಿ ಯುರೋಪಿನವರಿಗಿಂತ ಹೆಚ್ಚು. ಅದು ಇದ್ದವರು ಕ್ರೋನ್ಸ್‌ಗೆ ಕೊಡುವ ಅಜಾಥಯೊಪ್ರಿನ್ ಮಾತ್ರೆ ಶುರು ಮಾಡಿದರೆ ಬಿಳಿ ರಕ್ತಕಣಗಳು ದಿಢೀರ್ ಇಳಿಯಬಹುದು. ಆ ಮಾತ್ರೆ ಬರೆದುಕೊಟ್ಟಾಗ ಈ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳಿ. ಶುರುವಿನ ವಾರಗಳಲ್ಲಿ ಹೇಳಿದ ರಕ್ತಪರೀಕ್ಷೆ ಒಂದನ್ನೂ ತಪ್ಪಿಸಬೇಡಿ. ಬಾಚಣಿಗೆ ತುಂಬ ಕೂದಲು ಬರತೊಡಗಿದರೆ ಅದೂ ಇದೇ ತೊಂದರೆಯ ಸುಳಿವಿರಬಹುದು; ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.