ಆಟ ನಿಂತದ್ದು ಹೇಗೆ? ಮಿಕ್‌ಮಾ ಊರುಗಳ ಹಿನ್ನೆಲೆ

ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ ಮಿಕ್‌ಮಾ ಮೂಲನಿವಾಸಿಗಳ 13 ಸಮುದಾಯಗಳಿವೆ. ಇವುಗಳಲ್ಲಿ ಹಲವು ಕಡೆ ಈಗ ಜನರನ್ನು ಆಟ, ವ್ಯಾಯಾಮಕ್ಕೆ ಎಳೆಯುವುದಕ್ಕೆಂದೇ ಒಬ್ಬ ಸಂಯೋಜಕರಿದ್ದಾರೆ. ಖರ್ಚಿನ ಒಂದು ಪಾಲು ಪ್ರಾಂತ್ಯ ಸರ್ಕಾರದ್ದು, ಇನ್ನೊಂದು ಊರಿನ ಆಡಳಿತದ್ದು. ಮಕ್ಕಳಿಗೆ ಸ್ಕೇಟಿಂಗ್, ಹಿರಿಯರಿಗೆ ನಡಿಗೆ ಗುಂಪು, ಬೇಸಿಗೆಯಲ್ಲಿ ದೋಣಿ, ಹೀಗೆ ಕೆಲಸ. ಬೇಟೆ, ಮೀನುಗಾರಿಕೆಗಳಲ್ಲೇ ತಲೆಮಾರುಗಟ್ಟಲೆ ಬದುಕಿದವರಿಗೆ ಮೈ ಬಗ್ಗಿಸಲು ಉತ್ತೇಜನ ಬೇಕಾಯಿತೇ? ಉತ್ತರ ಹುಡುಕಬೇಕಾದದ್ದು ಸರ್ಕಾರಿ ಕಡತಗಳಲ್ಲಿ, ಜನರ ಸೋಮಾರಿತನದಲ್ಲಲ್ಲ.

ಕೆನಡಾ ತನ್ನದೆಂದು ಬೀಗುವ ಐಸ್ ಹಾಕಿಯನ್ನೇ ನೋಡಿ. ಆರಂಭದ ಒಳ್ಳೆಯ ಕೋಲುಗಳನ್ನು ಕೆತ್ತಿದವರು ಮಿಕ್‌ಮಾ ಕುಶಲಿಗರು. ಮರವನ್ನು ಬೇರುಸಮೇತ ಅಗೆದು, ಬೇರಿನ ಸಹಜ ಬಾಗನ್ನೇ ಕೋಲಿನ ಅಲಗಾಗಿ ಉಳಿಸಿಕೊಳ್ಳುತ್ತಿದ್ದರು. ಇಡೀ ಕೋಲು ಒಂದೇ ಮರದ್ದು, ಬಿಟ್ಟುಕೊಳ್ಳಲು ನಡುವೆ ಬೆಸುಗೆಯೇ ಇಲ್ಲ. ಡಾರ್ಟ್‌ಮತ್‌ನ ಸ್ಟಾರ್ ಕಂಪನಿ ಇವನ್ನು ‘ಮಿಕ್‌ಮ್ಯಾಕ್’ ಹೆಸರಿನಲ್ಲಿ ಮಾರಿತು. ಚಳಿಗಾಲದ ಸಂಜೆಗಳಿಗೆ ವಾಲ್ಟೆಸ್ ಎಂಬ ಆಟವಿತ್ತು: ಮರದ ಬೋಗುಣಿಯಲ್ಲಿ ಆರು ಮೂಳೆ ಬಿಲ್ಲೆ, ಬೋಗುಣಿಯನ್ನು ನೆಲಕ್ಕೆ ಕುಟ್ಟಿದರೆ ನಮ್ಮ ಚೌಕಾಬಾರದ ಕವಡೆಯಂತೆ ಅವು ಮಗುಚಿ ಬೀಳುತ್ತವೆ, ಲೆಕ್ಕಕ್ಕೆ ಕಡ್ಡಿಗಳು.

ಇದೆಲ್ಲ ನಡೆಯಲು ಕಾಡು, ನೀರು, ಬಿಡುವು ಬೇಕು. ಮೂರನ್ನೂ ಒಂದೊಂದಾಗಿ ಕಿತ್ತುಕೊಳ್ಳಲಾಯಿತು. ಇದೇ ಪ್ರಾಂತ್ಯದ ಸಿಡ್ನಿ ನಗರದ (ಆಸ್ಟ್ರೇಲಿಯಾದ್ದಲ್ಲ) ಬಂದರಿನ ಪಕ್ಕದಲ್ಲಿದ್ದ ಮಿಕ್‌ಮಾ ಕೇರಿಯನ್ನು ಎತ್ತಂಗಡಿ ಮಾಡಲು 1916ರಲ್ಲಿ ನ್ಯಾಯಾಲಯವೇ ಒಪ್ಪಿತು. ಹತ್ತು ವರ್ಷದ ಬಳಿಕ ಅವರು ನೀರಂಚಿನಿಂದ ಒಳನಾಡಿಗೆ, ಇಂದಿನ ಮೆಂಬರ್ಟೂ ಜಾಗಕ್ಕೆ ಹೋದರು. ಶೂಬನಾಕಡಿಯಲ್ಲಿ 1930ರಿಂದ 1967ರವರೆಗೆ ನಡೆದ ವಸತಿಶಾಲೆ ಮಕ್ಕಳನ್ನು ಮನೆಯಿಂದ ದೂರವಿಟ್ಟು ಹೊಲ, ಅಡುಗೆಮನೆಗಳಲ್ಲಿ ದುಡಿಸಿತು. 1942ರಿಂದ ಚದುರಿದ ಊರುಗಳ ಜನರನ್ನು ಎಸ್ಕಸೋನಿ ಮತ್ತು ಶೂಬನಾಕಡಿ ಎಂಬ ಎರಡೇ ಜಾಗಗಳಿಗೆ ಒಟ್ಟುಗೂಡಿಸುವ ಯೋಜನೆ ಬಂತು. ಸರ್ಕಾರಕ್ಕೆ ಖರ್ಚು ಉಳಿಸುವ ಲೆಕ್ಕ. ಹೋದವರು ಹಳೆಯ ತೋಟ, ಮೀನಿನ ನೆಲೆಗಳನ್ನು ಕಳೆದುಕೊಂಡರು. ಮಾತುಕೊಟ್ಟಷ್ಟು ಮನೆ, ಕೆಲಸ ಅಲ್ಲಿರಲಿಲ್ಲ.

ಆಮೇಲಿನದು ಕಚೇರಿಗಳ ಜಗ್ಗಾಟ. ಮೂಲನಿವಾಸಿಗಳ ವಾಸಕ್ಕೆಂದು ಬಿಟ್ಟ ಮೀಸಲು ನೆಲ ಒಕ್ಕೂಟ ಸರ್ಕಾರದ ಹೊಣೆ, ಮನರಂಜನೆ ಮುಖ್ಯವಾಗಿ ಪ್ರಾಂತ್ಯಗಳ ಹೊಣೆ. ಮೂಲನಿವಾಸಿಗಳ ಕ್ರೀಡೆಗೆಂದು ಒಕ್ಕೂಟ ಸರ್ಕಾರ 1972ರಲ್ಲಿ ಒಂದು ಯೋಜನೆ ಶುರುಮಾಡಿ, ಸುಮಾರು ಹತ್ತು ವರ್ಷಕ್ಕೆ ಕೈಬಿಟ್ಟಿತು. ಅದರಲ್ಲಿ ನಡೆಯುತ್ತಿದ್ದುದು ಪದಕ ತರುವಂಥ ಕ್ರೀಡೆಯಲ್ಲ ಎಂಬುದು ತಕರಾರು! ಹೀಗೆ ಮೀಸಲು ಊರಿಗೆ ಆಟದ ಮೈದಾನ ಯಾರು ಕೊಡಬೇಕೆಂಬುದು ತೀರ್ಮಾನವಾಗದೇ ಉಳಿಯಿತು.

ಬಾಗಿಲು ತೆರೆದದ್ದು, ವಿಚಿತ್ರವೆಂದರೆ, ಒಂದು ಕೊಲೆ ಮೊಕದ್ದಮೆ. ಮೆಂಬರ್ಟೂವಿನ ಡೊನಾಲ್ಡ್ ಮಾರ್ಷಲ್ ಜೂನಿಯರ್ 1971ರಲ್ಲಿ ಮಾಡದ ತಪ್ಪಿಗೆ ಜೈಲು ಸೇರಿದಾಗ ಹದಿಹರೆಯದ ಹುಡುಗ. ಹನ್ನೊಂದು ವರ್ಷ ಒಳಗಿದ್ದು, 1983ರಲ್ಲಿ ನಿರ್ದೋಷಿ ಎನಿಸಿಕೊಂಡರು. ವ್ಯವಸ್ಥೆ ಅವರನ್ನು ಕೈಬಿಟ್ಟದ್ದರಲ್ಲಿ ಜನಾಂಗೀಯ ತಾರತಮ್ಯದ ಪಾತ್ರವಿದೆ ಎಂದು ವಿಚಾರಣಾ ಆಯೋಗ 1989ರಲ್ಲಿ ಬರೆಯಿತು. ಅದರ ಶಿಫಾರಸಿನಿಂದ 1997ರಲ್ಲಿ ಮಿಕ್‌ಮಾ, ಪ್ರಾಂತ್ಯ, ಒಕ್ಕೂಟ ಮೂವರೂ ಕೂರುವ ತ್ರಿಪಕ್ಷೀಯ ವೇದಿಕೆ ಹುಟ್ಟಿತು. ನ್ಯಾಯ, ಶಿಕ್ಷಣ, ಆರೋಗ್ಯದ ಜೊತೆ ಕ್ರೀಡೆ ಮತ್ತು ಮನರಂಜನೆಗೂ ಅಲ್ಲಿ ಒಂದು ಸಮಿತಿ ಸಿಕ್ಕಿತು. ಹಣ, ಹೊಣೆ ಎರಡನ್ನೂ ಒಂದೇ ಮೇಜಿನಲ್ಲಿ ಕೇಳುವಂತಾಯಿತು. ನನ್ನ ಮಟ್ಟಿಗೆ, ವ್ಯಾಯಾಮದ ಮಹತ್ವ ಸಾರುವ ನೂರು ಪೋಸ್ಟರ್‌ಗಳಿಗಿಂತ ಇದು ದೊಡ್ಡದು.

ವಸತಿಶಾಲೆಗಳ ಕುರಿತ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ ಕ್ರೀಡೆಗೆಂದೇ ಐದು ಬೇಡಿಕೆಗಳನ್ನು ಇಟ್ಟಿತು. 2020ರಲ್ಲಿ ನಡೆಯಬೇಕಿದ್ದ ಉತ್ತರ ಅಮೆರಿಕದ ಮೂಲನಿವಾಸಿ ಕ್ರೀಡಾಕೂಟ ಕೋವಿಡ್‌ನಿಂದ ಮುಂದೆ ಹೋಗಿ, 2023ರ ಜುಲೈನಲ್ಲಿ ಪ್ರಾಂತ್ಯದ ರಾಜಧಾನಿ ಹ್ಯಾಲಿಫ್ಯಾಕ್ಸ್ ಸುತ್ತಮುತ್ತ ಮತ್ತು ಮಿಕ್‌ಮಾ ಊರಾದ ಮಿಲ್‌ಬ್ರೂಕ್‌ನಲ್ಲಿ ನಡೆಯಿತು. ಸಾವಿರಾರು ಯುವ ಕ್ರೀಡಾಪಟುಗಳು ಬಂದರು.

ಆದರೂ ಸೌಲಭ್ಯ ಸಮವಾಗಿ ಹಂಚಿಹೋಗಿಲ್ಲ. ವ್ಯಾಪಾರದಲ್ಲಿ ಗೆದ್ದ ಮೆಂಬರ್ಟೂ ತನ್ನದೇ ದೊಡ್ಡ ಕ್ರೀಡಾ ಕೇಂದ್ರ ಕಟ್ಟಿಕೊಂಡಿದೆ, ಸಿಡ್ನಿಯ ಜನ ಈಗ ಅಲ್ಲಿಗೆ ಸ್ಕೇಟಿಂಗಿಗೆ ಬರುತ್ತಾರೆ. ಬೇರ್ ರಿವರ್‌ನಂಥ ಪುಟ್ಟ ಊರು ಅಂಥ ಐಸ್ ಅಂಕಣದ ಖರ್ಚು ಹೊರಲಾರದು. ಅಲ್ಲಿ ಕೆಲಸ ಸಾಗುವುದು ಸಂಯೋಜಕರ ಓಡಾಟದಿಂದ, ಅವರ ಸಂಬಳಕ್ಕೆ ಬರುವ ಅನುದಾನದಿಂದ.