ಜಿಂಕೆಗೆ ಕಾಣದ ಕಿತ್ತಳೆ, ಟಿವಿಗೂ ಸಿಗದ ಕಿತ್ತಳೆ

ಅಮೆರಿಕದ ಬೇಟೆ ಕಾರ್ಯಕ್ರಮಗಳನ್ನು ನೋಡುವವರಿಗೆ ಒಂದು ಗೊಂದಲ ಇದ್ದದ್ದೇ. ಒಂದರಲ್ಲಿ ಬೇಟೆಗಾರ ತಲೆಯಿಂದ ಸೊಂಟದವರೆಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಹೊದ್ದು ಕೂತಿರುತ್ತಾನೆ. ಇನ್ನೊಂದರಲ್ಲಿ ಎಲೆ, ತೊಗಟೆಯ ಚಿತ್ತಾರದ ಬಟ್ಟೆ ತೊಟ್ಟು ಮರದಲ್ಲಿ ಮರವಾಗಿರುತ್ತಾನೆ. ಇಬ್ಬರೂ ಕಾಯುತ್ತಿರುವುದು ಅದೇ ಬಿಳಿಬಾಲದ ಜಿಂಕೆಗೆ. ಅಡಗಿ ಕೂರಬೇಕಾದವನು ರಸ್ತೆ ಕೆಲಸದವರ ಜಾಕೆಟ್ಟಿನ ಬಣ್ಣ ತೊಟ್ಟರೆ ಜಿಂಕೆ ಕಾಲು ಕೀಳುವುದಿಲ್ಲವೇ?

ಇಲ್ಲ. ಅಲುಗಾಡಿದರೆ ಓಡುತ್ತದೆ, ಗಾಳಿಯಲ್ಲಿ ವಾಸನೆ ಸಿಕ್ಕರೆ ಓಡುತ್ತದೆ. ಆ ಬಣ್ಣ ನೋಡಿ ಓಡುವುದಿಲ್ಲ.

ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಮೂರು ಬಗೆ. ಜಿಂಕೆಯ ಕಣ್ಣಿನಲ್ಲಿ ಎರಡೇ. 1990ರ ದಶಕದ ಆರಂಭದಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಜೇ ನೈಟ್ಜ್, ಜೆರಾಲ್ಡ್ ಜೇಕಬ್ಸ್ ಮತ್ತು ಸಂಗಡಿಗರು ಜಿಂಕೆಗಳಿಗೆ ಅರಿವಳಿಕೆ ಕೊಟ್ಟು, ಕಣ್ಣಿಗೆ ಬೇರೆಬೇರೆ ಬಣ್ಣದ ಬೆಳಕು ಮಿನುಗಿಸಿ, ಅಕ್ಷಿಪಟಲದಲ್ಲಿ ಹುಟ್ಟುವ ವಿದ್ಯುತ್ ಸಂಕೇತಗಳನ್ನು ಅಳೆದರು. ಒಂದು ಬಗೆಯ ಕೋನ್ 450ರಿಂದ 460 ನ್ಯಾನೋಮೀಟರ್ ಆಸುಪಾಸಿನ ನೀಲಿಗೆ, ಇನ್ನೊಂದು 537ರ ಹಸಿರಿಗೆ ಹೆಚ್ಚು ಸ್ಪಂದಿಸುತ್ತಿತ್ತು. ಕೆಂಪು, ಕಿತ್ತಳೆಗಳನ್ನು ಹಸಿರಿನಿಂದ ಬೇರ್ಪಡಿಸಲು ನಮಗೆ ನೆರವಾಗುವ ಮೂರನೆಯ ಕೋನ್ ಅಲ್ಲಿರಲೇ ಇಲ್ಲ.

ಬೇಟೆಗಾರರ ಕಿತ್ತಳೆಯ ತರಂಗಾಂತರ 595ರಿಂದ 605 ನ್ಯಾನೋಮೀಟರ್ ಇರಬೇಕೆಂದು ಕೆಲವು ರಾಜ್ಯಗಳ ನಿಯಮವೇ ಹೇಳುತ್ತದೆ. ಅದಕ್ಕೆ ಜಿಂಕೆಯ ನೀಲಿ ಕೋನ್ ಮಿಸುಕುವುದಿಲ್ಲ, ಹಸಿರು ಕೋನ್ ಅಲ್ಪಸ್ವಲ್ಪ ಮಿಸುಕುತ್ತದೆ. ಹುಲ್ಲಿನ ವಿಷಯದಲ್ಲೂ ಹೆಚ್ಚುಕಮ್ಮಿ ಅದೇ ಕಥೆ. ಹಾಗಾಗಿ ಜಿಂಕೆಯ ಮಟ್ಟಿಗೆ ಹುಲ್ಲು, ಜಾಕೆಟ್ ಎರಡೂ ಒಂದೇ ಬಣ್ಣದ ಬಳಗ. ವ್ಯತ್ಯಾಸವೇನಿದ್ದರೂ ತಿಳಿ-ಗಾಢದ್ದು ಮಾತ್ರ.

ಬಂಡೀಪುರದ ಹುಲಿಗೆ ಅನ್ನ ಹಾಕುತ್ತಿರುವುದೂ ಇದೇ ಲೆಕ್ಕಾಚಾರ. ಸಸ್ತನಿಗಳಿಗೆ ಹಸಿರು ತುಪ್ಪಳ ಬೆಳೆಸುವ ವರ್ಣದ್ರವ್ಯವಿಲ್ಲ. ಆದರೆ ಎರಡೇ ಕೋನ್ ಇರುವ ಕಣ್ಣಿಗೆ ಕಿತ್ತಳೆಯೇ ಹಸಿರಿನಂತೆ ಕಾಣುವಾಗ ಹಸಿರಿನ ಹಂಗೇಕೆ? ಸಫಾರಿ ಜೀಪಿನಲ್ಲಿ ಕೂತ ನಮಗೆ ಪೊದೆಯಲ್ಲಿ ಥಟ್ಟನೆ ಕಾಣುವ ಹುಲಿ, ಪಕ್ಕದಲ್ಲೇ ಮೇಯುವ ಜಿಂಕೆಗೆ ಪೊದೆಯ ಪಾಲಾಗಿರುತ್ತದೆ.

ಇನ್ನೊಬ್ಬ ಬೇಟೆಗಾರ ಜಿಂಕೆಯೆಂದು ತಿಳಿದು ಗುಂಡು ಹಾರಿಸದಿರಲಿ ಎಂದು ತೊಡುವುದಾದರೆ ಸಾದಾ ಕೆಂಪು ಅಂಗಿ ಸಾಲದೇ? ಹಿಂದೆ ಅಮೆರಿಕದ ಬೇಟೆಗಾರರು ಕೆಂಪು ಚೌಕಳಿಯ ಉಣ್ಣೆ ಕೋಟನ್ನೇ ಹಾಕುತ್ತಿದ್ದರು. ತೊಂದರೆ ಏನೆಂದರೆ ಜಿಂಕೆ ಹೆಚ್ಚು ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಬೆಳಕು ಇಳಿದಂತೆ ನಮ್ಮ ಕಣ್ಣಿನ ಕೋನ್‌ಗಳು ಹಿಂದೆ ಸರಿದು ರಾಡ್ ಕೋಶಗಳು ಕೆಲಸ ವಹಿಸಿಕೊಳ್ಳುತ್ತವೆ. ಅವುಗಳಿಗೆ ಕೆಂಪೆಂದರೆ ಕತ್ತಲೆ. ಕೆಂಪು ಕೋಟಿನವನು ಆಗ ಕಪ್ಪು ಆಕೃತಿ ಅಷ್ಟೆ, ಜಿಂಕೆಯೂ ಆಗಿರಬಹುದು. ಬೇಟೆಗಾರರ ಕಿತ್ತಳೆಯಂಥ ಫ್ಲೋರೊಸೆಂಟ್ ಬಣ್ಣದ ರೀತಿಯೇ ಬೇರೆ. ಅದು ನೇರಳಾತೀತ ಕಿರಣಗಳನ್ನೂ ನೀಲಿ ಬೆಳಕನ್ನೂ ಹೀರಿ ಕಿತ್ತಳೆಯಾಗಿ ಹೊರಬಿಡುತ್ತದೆ. ಮುಸ್ಸಂಜೆಯ ಆಕಾಶದ ಬೆಳಕಿನಲ್ಲಿ ನೀಲಿಯೇ ಹೆಚ್ಚು. ಸುತ್ತಲಿನದೆಲ್ಲ ಮಂಕಾದರೂ ಜಾಕೆಟ್ ಉರಿಯುತ್ತಲೇ ಇರುತ್ತದೆ. ಈ ಬಗೆಯ ಬಣ್ಣಗಳನ್ನು 1930ರ ದಶಕದಿಂದ ಬೆಳೆಸಿದವರು ಬಾಬ್ ಮತ್ತು ಜೋ ಸ್ವಿಟ್ಜರ್ ಎಂಬ ಅಣ್ಣತಮ್ಮಂದಿರು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳಿಗೆ ಸಂಜ್ಞೆ ಕೊಡುವ ಬಟ್ಟೆಗಳಿಗೂ ಇವೇ ಬಳಕೆಯಾದವು. ಒಂದೇ ಕೊರತೆ: ಬಿಸಿಲಿಗೆ ಬಣ್ಣದ ಅಣುಗಳು ಒಡೆಯುತ್ತವೆ. ಹಳೆಯ ಜಾಕೆಟ್ ಹಗಲಲ್ಲಿ ಕಿತ್ತಳೆಯಾಗಿಯೇ ಕಂಡರೂ ಸಂಜೆಗೆ ಕೈಕೊಡುತ್ತದೆ.

ಜಿಂಕೆಗೆ ನಿಜಕ್ಕೂ ಎದ್ದು ಕಾಣುವುದು ನೀಲಿ. ಅದರ ಕಣ್ಣಿನ ಮಸೂರ ನಮ್ಮದರಂತೆ ನೇರಳಾತೀತವನ್ನು ಪೂರ್ತಿ ತಡೆಯುವುದೂ ಇಲ್ಲ. ಬಟ್ಟೆ ಬೆಳ್ಳಗಾಗಲೆಂದು ಸೋಪಿನ ಪುಡಿಗೆ ಸೇರಿಸುವ ಹೊಳಪುಕಾರಕಗಳು ನೇರಳಾತೀತ ಹೀರಿ ನೀಲಿ ಬೆಳಕು ಬಿಡುವಂಥವು, ಅಂದರೆ ಜಿಂಕೆಯ ನೀಲಿ ಕೋನ್ ಕಾದು ಕೂತಿರುವ ಬೆಳಕು. ದುಬಾರಿ ಮರೆವೇಷದ ಬಟ್ಟೆಯನ್ನು ಅಂಥ ಪುಡಿಯಲ್ಲಿ ಒಗೆದು, ಕಿತ್ತಳೆ ಜಾಕೆಟ್ಟಿನ ಬಗ್ಗೆ ಗೊಣಗುವವರ ಬಗ್ಗೆ ನನಗೆ ಕನಿಕರವಿದೆ.

ಇಷ್ಟಕ್ಕೂ ಈ ಬಣ್ಣ ಇರುವುದು ಇನ್ನೊಬ್ಬ ಬೇಟೆಗಾರನ ಕಣ್ಣಿಗಾಗಿ. 1988ರ ನವೆಂಬರ್‌ನಲ್ಲಿ ಮೇನ್ ರಾಜ್ಯದಲ್ಲಿ ತನ್ನದೇ ಮನೆಯ ಹಿತ್ತಲಿನ ಅಂಚಿನಲ್ಲಿದ್ದ ಎಳೆಮಕ್ಕಳ ತಾಯಿಯೊಬ್ಬಳು ಬೇಟೆಗಾರನ ಗುಂಡಿಗೆ ಬಲಿಯಾದಳು. ಆಕೆಯ ಕೈಯಲ್ಲಿ ಬಿಳಿ ಗವಸುಗಳಿದ್ದವು. ಬಿಳಿಬಾಲದ ಜಿಂಕೆ ಗಾಬರಿಯಾದಾಗ ಎತ್ತುವುದೂ ಬಿಳಿ ಬಾಲವನ್ನೇ. ಕಿತ್ತಳೆ ಹಾಕಿರಲಿಲ್ಲವೆಂದು ಸತ್ತವಳನ್ನೇ ದೂರಿದವರೂ ಇದ್ದರು. ಗುರಿಯನ್ನು ಖಚಿತಪಡಿಸಿಕೊಳ್ಳದೆ ಗುಂಡು ಹಾರಿಸಬಾರದೆಂಬ ಕಾನೂನನ್ನು ಮೇನ್ ತಂದದ್ದು ಆಮೇಲೆ. ಬಣ್ಣವೊಂದೇ ಕಾಯುವುದಿಲ್ಲ ಎನ್ನಲು 2006ರ ಪ್ರಕರಣವೂ ಇದೆ. ಅಮೆರಿಕದ ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಟೆಕ್ಸಾಸ್‌ನಲ್ಲಿ ಹಾರುವ ಕ್ವೇಲ್ ಹಕ್ಕಿಯ ಹಿಂದೆ ಬಂದೂಕು ತಿರುಗಿಸುತ್ತಾ ಹೋಗಿ ಜೊತೆಗಾರನಿಗೇ ಹೊಡೆದರು. ಗಾಯಗೊಂಡವರು ಕಿತ್ತಳೆ ತೊಟ್ಟೇ ಇದ್ದರು.

ಟಿವಿಯಲ್ಲಿ ಕೆಲವರು ಅದನ್ನು ತೊಡದಿರಲು ಮುಖ್ಯ ಕಾರಣ, ಅಮೆರಿಕದಲ್ಲಿ ಈ ನಿಯಮ ರಾಜ್ಯಕ್ಕೊಂದು. ಪೆನ್ಸಿಲ್ವೇನಿಯಾ ಬಂದೂಕಿನ ಜಿಂಕೆ ಬೇಟೆಗೆ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕೇಳಿದರೆ ಕೊಲರಾಡೊ 500 ಕೇಳುತ್ತದೆ. ವಿಸ್ಕಾನ್ಸಿನ್ 2016ರಲ್ಲಿ ಫ್ಲೋರೊಸೆಂಟ್ ಗುಲಾಬಿಗೂ ಒಪ್ಪಿತು. ಟೆಕ್ಸಾಸ್‌ನಲ್ಲಿ ಸಾರ್ವಜನಿಕ ಬೇಟೆ ಜಾಗಗಳಲ್ಲಿ ಕಿತ್ತಳೆ ಕಡ್ಡಾಯ, ಖಾಸಗಿ ಜಮೀನಿನಲ್ಲಿ ಅಲ್ಲ. ಕಾರ್ಯಕ್ರಮದವರು ಕ್ಯಾಮೆರಾ ಇಡುವುದು ಹೆಚ್ಚಾಗಿ ಖಾಸಗಿ ರಾಂಚ್‌ಗಳಲ್ಲೇ. ಬಿಲ್ಲು-ಬಾಣದ ಋತುವಿಗೆ ಎಷ್ಟೋ ಕಡೆ ವಿನಾಯಿತಿ ಇದೆ. ಟರ್ಕಿ ಕೋಳಿಯ ಬೇಟೆಯಲ್ಲಂತೂ ಲೆಕ್ಕ ತಲೆಕೆಳಗು: ಹಕ್ಕಿಗಳಿಗೆ ನಾಲ್ಕು ಬಗೆಯ ಕೋನ್, ಕಿತ್ತಳೆ ಅವಕ್ಕೆ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಕೆಂಪು, ಬಿಳಿ, ನೀಲಿಯೂ ಬೇಡವೆನ್ನುತ್ತಾರೆ. ಗಂಡು ಟರ್ಕಿಯ ತಲೆಯ ಬಣ್ಣಗಳೇ ಅವು. ಪೊದೆಯ ಸಂದಿನಲ್ಲಿ ಅವು ಕಂಡರೆ ಇನ್ನೊಬ್ಬ ಬೇಟೆಗಾರ ಗುರಿಯಿಟ್ಟಾನು.

ಚಿತ್ರ ತೆಗೆಯುವವನ ಪಾಡು ಪರದೆಗೆ ಬರುವುದಿಲ್ಲ. ಬೇಟೆಗಾರ ಕೂತ ಮರದಲ್ಲೇ ಅವನಿಗಿಂತ ತುಸು ಮೇಲೆ, ಹಿಂಬದಿಯಲ್ಲಿ ಇನ್ನೊಂದು ಆಸನ. ಅಲ್ಲಿ ಮೈಗೆ ಸುರಕ್ಷಾ ಪಟ್ಟಿ ಬಿಗಿದು, ಕಾಂಡಕ್ಕೆ ಜೋಡಿಸಿದ ತೋಳಿನ ಮೇಲೆ ಕ್ಯಾಮೆರಾ ಇಟ್ಟು ಕೂತವನು ಅವನು. ಜೊತೆಗೆ ಬಂದವರೂ ಕಿತ್ತಳೆ ತೊಡಬೇಕೆಂಬ ನಿಯಮವಿರುವ ರಾಜ್ಯದಲ್ಲಿ ಅವನಿಗೂ ವಿನಾಯಿತಿ ಇಲ್ಲ. ಆ ಬಣ್ಣ ಅವನ ಕ್ಯಾಮೆರಾಕ್ಕೂ ತಲೆನೋವು. ಕಿತ್ತಳೆ ಬೆಳಕಿಗೆ ಸೆನ್ಸರಿನ ಕೆಂಪು ಭಾಗ ಮೊದಲೇ ತುಂಬಿ ತುಳುಕುತ್ತದೆ. ಜಾಕೆಟ್ಟಿನ ಮಡಿಕೆ, ಗುಂಡಿ, ನೆರಳು ಎಲ್ಲ ಅಳಿಸಿ ಚಪ್ಪಟೆ ತೇಪೆಯೊಂದು ಉಳಿಯುತ್ತದೆ. ತಪ್ಪಿಸಲು ಬೆಳಕು ತಗ್ಗಿಸಿದರೆ ಕಾಡು ಕಪ್ಪಾಗುತ್ತದೆ. ಟಿವಿ ಪರದೆ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿಗೂ ಈ ಕಿತ್ತಳೆ ಪೂರ್ತಿ ದಕ್ಕುವುದಿಲ್ಲ, ಮನೆಯಲ್ಲಿ ಕೂತವರಿಗೆ ಸಿಗುವುದು ಅದರ ಪೇಲವ ನಕಲು.

ಅಲ್ಲಿ ಹಲವೆಡೆ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೂ ಜಿಂಕೆಗೆ ಗುಂಡು ಹೊಡೆಯಬಹುದು. ಕ್ಯಾಮೆರಾಕ್ಕೆ ಅಷ್ಟು ಹೊತ್ತು ಬೆಳಕು ಸಾಲದೆ ಹೋಗಬಹುದು. ಚಿತ್ರ ಸಿಗದಿದ್ದರೆ ಜಿಂಕೆ ಎದುರಿಗಿದ್ದರೂ ಸುಮ್ಮನಿರುವುದು ಈ ಕಸುಬಿನ ರೂಢಿ. ಇರುವುದೇ ಒಂದು ಕ್ಯಾಮೆರಾ ಆದರೆ, ಗುಂಡು ಹಾರುವ ಹೊತ್ತಿಗೆ ಅದು ಜಿಂಕೆಯ ಕಡೆ ತಿರುಗಿರುತ್ತದೆ. ಬೇಟೆಗಾರನ ಬಿಗಿದ ಮುಖ, ಟ್ರಿಗರ್ ಮೇಲಿನ ಬೆರಳು ಇವನ್ನೆಲ್ಲ ಆಮೇಲೆ ತೆಗೆದು ನಡುವೆ ಸೇರಿಸುತ್ತಾರೆ. ಅದಕ್ಕಾಗಿ ಅವನು ಖಾಲಿ ಬಂದೂಕು ಹಿಡಿದು ಮತ್ತೆ ಮರ ಹತ್ತಬೇಕು, ಕಿತ್ತಳೆ ಟೋಪಿಯನ್ನು ಮೊದಲಿದ್ದಂತೆಯೇ ಇಟ್ಟುಕೊಳ್ಳಬೇಕು.