ಬಾಂಬರಿನ ರೆಕ್ಕೆಗೆ ಹೊಸ ಒಡಲು: ಮಿತ್ಸುಬಿಷಿ ಕಿ-57

ಎರಡನೇ ಮಹಾಯುದ್ಧ ಕಾಲದ ಈ ಜಪಾನಿ ವಿಮಾನದ ಬಗ್ಗೆ ಓದಲು ಕೂತಾಗ ನನ್ನನ್ನು ಮೊದಲು ತಡೆದದ್ದು ಹೆಸರುಗಳು. ಒಂದು ಕಡೆ ‘ಕಿ-57’, ಇನ್ನೊಂದು ಕಡೆ ‘ಮಾದರಿ 100 ಸಾಗಣೆ ವಿಮಾನ’, ಮತ್ತೊಂದು ಕಡೆ ‘ಟಾಪ್ಸಿ’, ನಾಗರಿಕ ವಿಮಾನವಾದರೆ ‘ಎಂಸಿ-20’. ಎಲ್ಲವೂ ಒಂದೇ ವಿನ್ಯಾಸ. ಆದ್ದರಿಂದ ಮೊದಲು ಹೆಸರಿನ ಗಂಟು ಬಿಚ್ಚೋಣ.

‘ಕಿ’ ಎಂಬುದು ಜಪಾನಿ ಭೂಸೇನೆ ತನ್ನ ವಿಮಾನಗಳಿಗೆ ಕೊಡುತ್ತಿದ್ದ ಕ್ರಮಸಂಖ್ಯೆಯ ಗುರುತು. ‘ಮಾದರಿ 100’ರಲ್ಲಿರುವುದು ಇಸವಿ. ಜಪಾನಿನ ಸಾಮ್ರಾಜ್ಯ ಶಕೆ ನಮ್ಮ ಕ್ರಿಸ್ತಶಕಕ್ಕಿಂತ 660 ವರ್ಷ ಮುಂದಿದೆ. 1940 ಎಂದರೆ ಅಲ್ಲಿ 2600. ಅದನ್ನು ಭೂಸೇನೆ 100 ಎಂದು ಬರೆದರೆ ನೌಕಾಪಡೆ 0 ಎಂದು ಬರೆಯಿತು. ಪ್ರಸಿದ್ಧ ‘ಝೀರೋ’ ಯುದ್ಧವಿಮಾನದ ಹೆಸರು ಬಂದದ್ದೂ ಇದೇ ವರ್ಷದಿಂದ. ‘ಟಾಪ್ಸಿ’ ಮಿತ್ರರಾಷ್ಟ್ರಗಳು ಇಟ್ಟ ಗುಟ್ಟಿನ ಹೆಸರು. ಸಾಗಣೆ ವಿಮಾನಗಳಿಗೆ ಅವರು ‘ಟ’ಕಾರದಿಂದ ಶುರುವಾಗುವ ಹೆಣ್ಣುಹೆಸರು ಆರಿಸುತ್ತಿದ್ದರು.

ಈಗ ಮುಖ್ಯ ವಿಷಯ. ಕಿ-57ರ ತಾಯಿ ಕಿ-21, ಅಂದರೆ ‘ಮಾದರಿ 97’ ಭಾರೀ ಬಾಂಬರ್. ಅದು ಮೊದಲು ಹಾರಿದ್ದು 1936ರ ಡಿಸೆಂಬರಿನಲ್ಲಿ. ಒಳ್ಳೆಯ ವೇಗ, ದೂರ ಹಾರುವ ಶಕ್ತಿ ಎರಡೂ ಇದ್ದ ಈ ಬಾಂಬರಿನ ಆಧಾರದ ಮೇಲೆ ಪ್ರಯಾಣಿಕ ವಿಮಾನವೊಂದು ಬೇಕೆಂದು ಜಪಾನಿನ ವಿಮಾನಯಾನ ಸಂಸ್ಥೆ ಬಯಸಿತು. ಸೇನೆಗೂ ಅಂಥದ್ದೇ ಬೇಕಾಗಿತ್ತು. ರೆಕ್ಕೆ, ಬಾಲ, ಎಂಜಿನ್, ಗಾಲಿಗಳನ್ನು ಕಿ-21ರಿಂದಲೇ ತೆಗೆದುಕೊಂಡ ಮಿತ್ಸುಬಿಷಿ, ಒಡಲನ್ನು ಮಾತ್ರ ಹೊಸದಾಗಿ ಕಟ್ಟಿತು. 1940ರಲ್ಲಿ ಅದು ಹಾರಿತು.

ಒಡಲೇಕೆ ಹೊಸದು? ಬಾಂಬರಿನಲ್ಲಿ ರೆಕ್ಕೆ ಒಡಲಿನ ನಡುಮಟ್ಟದಲ್ಲಿ ಸೇರುತ್ತದೆ, ಅದರ ಕೆಳಗೆ ಬಾಂಬುಗಳಿಗೆ ಜಾಗ. ಆದರೆ ಎರಡು ರೆಕ್ಕೆಗಳ ಭಾರ ಹೊರುವ ‘ಸ್ಪಾರ್’ ಎಂಬ ತೊಲೆ ಆಗ ಒಡಲಿನ ನಡುವೆ ಅಡ್ಡಲಾಗಿ ಹಾದುಹೋಗುತ್ತದೆ. ನಡುಮನೆಯಲ್ಲಿ ಸೊಂಟದೆತ್ತರಕ್ಕೆ ತೊಲೆ ಹಾಕಿದಂತೆ. ಅಲ್ಲಿ ಆಸನಗಳ ಸಾಲು ಹಾಕುವುದು ಹೇಗೆ? ಹಾಗಾಗಿ ಕಿ-57ರಲ್ಲಿ ರೆಕ್ಕೆಯನ್ನು ಒಡಲಿನ ಕೆಳಭಾಗಕ್ಕೆ ಇಳಿಸಿದರು. ತೊಲೆ ನೆಲದಡಿಗೆ ಹೋಯಿತು, ಮೇಲೆ ಪ್ರಯಾಣಿಕರ ಕೋಣೆ ಬಿಡುವಾಯಿತು. ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ನಿರ್ಧಾರ ಇದು. ಅಮೆರಿಕದಲ್ಲಿ ಬೋಯಿಂಗ್ ಕೂಡ ತನ್ನ ಬಿ-17 ಬಾಂಬರಿನ ರೆಕ್ಕೆ, ಬಾಲಗಳಿಗೆ ಹೊಸ ದುಂಡನೆಯ ಒಡಲು ಜೋಡಿಸಿ ‘307’ ಪ್ರಯಾಣಿಕ ವಿಮಾನ ಮಾಡಿತ್ತು.

ಆದರೂ ಒಡಲು ಕಿರಿದೇ ಉಳಿಯಿತು: ಕೂರುತ್ತಿದ್ದವರು 11 ಜನ. ಜಪಾನ್ ಪರವಾನಗಿ ಪಡೆದು ಕಟ್ಟುತ್ತಿದ್ದ ಅಮೆರಿಕದ ಪ್ರಯಾಣಿಕ ವಿಮಾನ ಡಗ್ಲಸ್ ಡಿಸಿ-3ರಲ್ಲಿ 21 ಆಸನ. ವೇಗದಲ್ಲಿ ಮಾತ್ರ ಕಿ-57 ಬಹಳ ಮುಂದು, ಗಂಟೆಗೆ ಸುಮಾರು 470 ಕಿ.ಮೀ. ಬಾಂಬರಿನ ರೆಕ್ಕೆ ವೇಗ ಕೊಟ್ಟಿತು, ಜಾಗ ಕೊಡಲಿಲ್ಲ. 1942ರಿಂದ ಬಂದ ಎರಡನೇ ರೂಪಕ್ಕೆ 1,080 ಅಶ್ವಶಕ್ತಿಯ ಮಿತ್ಸುಬಿಷಿ ಎಂಜಿನ್‌ಗಳನ್ನು ಹಾಕಿದರು. ಒಟ್ಟು ತಯಾರಾದದ್ದು 500ರಷ್ಟು.

ಜಾಗದ ಕೊರತೆ ಯುದ್ಧದಲ್ಲಿ ಹೇಗೆ ಕಾಡಿತು ಎನ್ನುವುದಕ್ಕೆ 1942ರ ಫೆಬ್ರುವರಿ 14ರ ಪಾಲೆಂಬಾಂಗ್ ದಾಳಿ ನೋಡಿ. 1941ರಲ್ಲಿ ಅಮೆರಿಕ ತೈಲ ನಿಲ್ಲಿಸಿದ ಮೇಲೆ, ಆಗ ಡಚ್ಚರ ಕೈಯಲ್ಲಿದ್ದ ಸುಮಾತ್ರಾ ದ್ವೀಪದ ಪಾಲೆಂಬಾಂಗ್ ಬಳಿಯ ಪ್ಲಾಜು, ಸುಂಗೈ ಗೆರೋಂಗ್ ತೈಲ ಶುದ್ಧೀಕರಣಾಗಾರಗಳು ಜಪಾನಿಗೆ ಅತ್ಯಗತ್ಯವಾದವು. ಹಡಗಿನಲ್ಲಿ ಹೋದರೆ ಡಚ್ಚರು ಮೊದಲೇ ಸುಟ್ಟುಬಿಡುತ್ತಿದ್ದರು. ಹಾಗಾಗಿ ಸೈನಿಕರನ್ನು ಪ್ಯಾರಾಚೂಟಿನಲ್ಲಿ ಇಳಿಸಿದರು. ಅವರನ್ನು ಹೊತ್ತ ವಿಮಾನಗಳಲ್ಲಿ ಕಿ-57 ಇತ್ತು. ಅವರ ಬಂದೂಕು, ಮದ್ದುಗುಂಡುಗಳ ಪೆಟ್ಟಿಗೆಗಳನ್ನು ಬೀಳಿಸಿದ್ದು ಕಿ-21 ಬಾಂಬರುಗಳು. ಮಗಳ ಹಿಂದೆ ತಾಯಿ! ಸೈನಿಕ ಒಂದು ಕಡೆ, ಬಂದೂಕು ಇನ್ನೊಂದು ಕಡೆ ಬಿದ್ದಾಗ ಪಿಸ್ತೂಲು, ಕೈಬಾಂಬುಗಳಲ್ಲೇ ಹೋರಾಡಬೇಕಾಯಿತು. ಪ್ಲಾಜು ಬಹುಮಟ್ಟಿಗೆ ಕೆಡದೆ ಸಿಕ್ಕಿತು, ಸುಂಗೈ ಗೆರೋಂಗ್ ಹೆಚ್ಚಾಗಿ ಸುಟ್ಟುಹೋಯಿತು. ಮರುದಿನ ಸಿಂಗಾಪುರ ಶರಣಾಯಿತು.

ಹಳೆಯ ಫೋಟೋಗಳಲ್ಲಿ ಕಿ-21, ಕಿ-57 ಇವೆರಡನ್ನು ಬೇರೆ ಮಾಡುವುದು ಸುಲಭ. ರೆಕ್ಕೆಯ ಆಕಾರ ನೋಡಬೇಡಿ, ಅದು ಒಂದೇ. ರೆಕ್ಕೆ ಒಡಲಿಗೆ ಸೇರುವ ಎತ್ತರ ನೋಡಿ, ಆಮೇಲೆ ಪಕ್ಕದ ಕಿಟಕಿಗಳ ಸಾಲು ಹುಡುಕಿ. ರೆಕ್ಕೆ ಕೆಳಗಿದ್ದು ಕಿಟಕಿಗಳ ಸಾಲಿದ್ದರೆ ಅದು ಕಿ-57.